ಕಂಪ್ಲಿ ಭತ್ತದ ಒಂದು ಜೀನು, ಎರಡು ಲೆಕ್ಕ

ಕಂಪ್ಲಿ ಅಂದ ಕೂಡಲೇ ಇತಿಹಾಸ ಓದಿದವರಿಗೆ ಕುಮಾರರಾಮ ನೆನಪಾಗ್ತಾನೆ. ಅಲ್ಲಿನ ರೈತರಿಗೆ ಮೊದಲು ನೆನಪಾಗೋದು ಕಾಲುವೆ, ಆಮೇಲೆ ಭತ್ತ. ವಿಜಯನಗರದ ಕಾಲದ ಕಾಲುವೆಗಳು ಈ ಭಾಗದಲ್ಲಿ ಇವತ್ತಿಗೂ ಹರೀತಾವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ ಭತ್ತದ ಸೀಮೆ ಇನ್ನೂ ಹಿಗ್ಗಿತು. ಇವತ್ತು ಆ ಗದ್ದೆಯಿಂದ ಹೊರಟು ಒಬ್ಬ ವಿಜ್ಞಾನಿಯ ಸಂಶೋಧನಾ ಪ್ರಬಂಧಗಳವರೆಗೆ ಹೋಗೋಣ. ಪ್ರಶ್ನೆ ಇಷ್ಟೇ: ವಿಜ್ಞಾನಿಯ ಕೆಲಸವನ್ನ ಅಳೆಯೋದು ಹೇಗೆ?

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ದಶಕಗಳಿಂದ ಬೆಳೆದ ದೊಡ್ಡ ತಳಿ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದದ್ದು. ಸಣ್ಣ ಕಾಳು, ಒಳ್ಳೆ ಅನ್ನ, ಒಳ್ಳೆ ರೇಟು. ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ಬಲುಬೇಗ ತುತ್ತಾಗುತ್ತೆ. ಗರಿಯ ಅಂಚು ಹಳದಿಯಾಗಿ, ತುದಿಯಿಂದ ಕೆಳಗೆ ಒಣಗ್ತಾ ಬರುತ್ತೆ. ಯೂರಿಯಾ ಜಾಸ್ತಿ ಹಾಕಿದಷ್ಟೂ ರೋಗ ಜೋರು. ಇದಕ್ಕೆ ಖಾತ್ರಿಯಾಗಿ ಕೆಲಸ ಮಾಡೋ ಔಷಧಿ ಇಲ್ಲ. ಗಿಡವೇ ರೋಗ ತಡೆದುಕೊಳ್ಳಬೇಕು.

ಆ ತಡೆಯುವ ಗುಣ ಸಿಕ್ಕಿದ್ದು ಆಫ್ರಿಕಾದ ಮಾಲಿ ದೇಶದ ಒಂದು ಕಾಡುಭತ್ತದಲ್ಲಿ. 1977ರಲ್ಲಿ ಒಡಿಶಾದ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದವರು ಇದನ್ನ ಗುರುತಿಸಿದರು. ಬೀಜ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಹೋಯಿತು. ಅಲ್ಲಿ ಗುರುದೇವ್ ಖುಷ್ ಮತ್ತು ಸಂಗಡಿಗರು ವರ್ಷಗಟ್ಟಲೆ ಸಂಕರ ಮಾಡಿ ಆ ಗುಣವನ್ನ ನಾಟಿ ಭತ್ತಕ್ಕೆ ತಂದರು. ಅದಕ್ಕೆ ಎಕ್ಸ್‌ಎ21 ಅಂತ ಹೆಸರಾಯಿತು.

ಈಗ ನಮ್ಮ ವಿಜ್ಞಾನಿ ಬರ್ತಾರೆ. ಪಮೇಲಾ ರೊನಾಲ್ಡ್, ಅಮೆರಿಕದ ಮಾಲಿಕ್ಯುಲರ್ ಬಯಾಲಜಿಸ್ಟ್. ಎಕ್ಸ್‌ಎ21ರ ಪಕ್ಕದಲ್ಲೇ ಇರುವ ಡಿಎನ್‌ಎ ಗುರುತೊಂದನ್ನ ಇವರ ಬಳಗ 1992ರಲ್ಲಿ ಪ್ರಕಟಿಸಿತು. 1995ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇವರ ಪ್ರಯೋಗಾಲಯ ಆ ಜೀನನ್ನೇ ಬೇರ್ಪಡಿಸಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿತು. ಆ ಪ್ರಬಂಧವನ್ನ ಉಳಿದ ವಿಜ್ಞಾನಿಗಳು ಸಾವಿರಾರು ಸಲ ಉಲ್ಲೇಖಿಸಿದ್ದಾರೆ.

ಉಲ್ಲೇಖ ಎಣಿಸೋ ಪದ್ಧತಿಗೂ ಒಂದು ಇತಿಹಾಸ ಇದೆ. ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಈ ವಿಚಾರ ಮುಂದಿಟ್ಟರು, 1960ರ ದಶಕದಲ್ಲಿ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರತಂದರು. ಒಂದು ಪ್ರಬಂಧ ಹಿಡಿದರೆ ಅದರ ಹಿಂದೆ ಮುಂದೆ ಯಾರ್ಯಾರು ಕೆಲಸ ಮಾಡಿದ್ದಾರೆ ಅಂತ ಹುಡುಕೋದು ಮೂಲ ಉದ್ದೇಶ. ಆಮೇಲೆ ಅದೇ ಅಳತೆಗೋಲಾಯಿತು. 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಎಚ್-ಇಂಡೆಕ್ಸ್ ತಂದರು. ನಿಮ್ಮ ಎಚ್-ಇಂಡೆಕ್ಸ್ 40 ಅಂದರೆ, ಕನಿಷ್ಠ 40 ಸಲ ಉಲ್ಲೇಖವಾದ 40 ಪ್ರಬಂಧ ನಿಮ್ಮ ಹತ್ರ ಇವೆ ಅಂತ. ಇವತ್ತು ಕೆಲಸ, ಬಡ್ತಿ, ಅನುದಾನ ಎಷ್ಟೋ ಕಡೆ ಇಂಥ ಸಂಖ್ಯೆ ನೋಡಿಯೇ ನಿರ್ಧಾರ ಆಗುತ್ತೆ.

ಈ ಸಂಖ್ಯೆ ಏನು ಹೇಳಲ್ಲ ಅನ್ನೋದಕ್ಕೂ ರೊನಾಲ್ಡ್ ಅವರ ಕೆಲಸವೇ ಉದಾಹರಣೆ. ಎಕ್ಸ್‌ಎ21 ರೋಗಾಣುವನ್ನ ಹೇಗೆ ಗುರುತು ಹಿಡಿಯುತ್ತೆ ಅಂತ ಅವರ ಬಳಗ 2009ರಲ್ಲಿ 'ಸೈನ್ಸ್'ನಲ್ಲಿ ಬರೆದಿತ್ತು. ಮುಂದೆ ಅದೇ ಲ್ಯಾಬಿಗೆ ಬಂದ ಹೊಸಬರು ಪ್ರಯೋಗ ಮತ್ತೆ ಮಾಡಿದರೆ ಫಲಿತಾಂಶ ಬರಲೇ ಇಲ್ಲ. ಹುಡುಕಿದಾಗ ಬ್ಯಾಕ್ಟೀರಿಯಾ ತಳಿಗಳಲ್ಲೇ ಅದಲು ಬದಲು ಆಗಿರೋದು ಗೊತ್ತಾಯಿತು. 2013ರಲ್ಲಿ ರೊನಾಲ್ಡ್ ಎರಡು ಪ್ರಬಂಧಗಳನ್ನ ಬಹಿರಂಗವಾಗಿ ಹಿಂಪಡೆದರು, ಕಾರಣವನ್ನೂ ಬರೆದರು. 2015ರಲ್ಲಿ ಅದೇ ಲ್ಯಾಬು ರ‍್ಯಾಕ್ಸ್‌ಎಕ್ಸ್ ಅನ್ನೋ ಪ್ರೋಟೀನೇ ಆ ಗುರುತು ಅಂತ ಪ್ರಕಟಿಸಿತು. ಆದರೆ ಹಿಂಪಡೆದ ಪ್ರಬಂಧಕ್ಕೆ ಆಗಲೇ ಬಿದ್ದಿದ್ದ ಉಲ್ಲೇಖಗಳು ಲೆಕ್ಕದಿಂದ ಅಳಿಯಲಿಲ್ಲ. ಸರಿ ಅಂತ ಉಲ್ಲೇಖಿಸಿದರೂ ಒಂದು, ತಪ್ಪು ಅಂತ ಉಲ್ಲೇಖಿಸಿದರೂ ಒಂದು. ತಪ್ಪು ಒಪ್ಪಿಕೊಂಡ ಪ್ರಾಮಾಣಿಕತೆಗಂತೂ ಅಲ್ಲಿ ಅಂಕಣವೇ ಇಲ್ಲ.

ಈಗ ನಮ್ಮ ಕಡೆಗೆ ಬರೋಣ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ಸೇರಿ ಅದೇ ಬಿಪಿಟಿಗೆ ಎಕ್ಸ್‌ಎ21 ಮತ್ತು ಇನ್ನೆರಡು ನಿರೋಧಕ ಜೀನು ಸೇರಿಸಿದವು. ಇದು ಕುಲಾಂತರಿ ಅಲ್ಲ. ಮಾಮೂಲಿ ಸಂಕರವೇ. ಸಸಿ ಎಳೆಯದಿರುವಾಗಲೇ ಡಿಎನ್‌ಎ ಗುರುತು ನೋಡಿ ಯಾವುದರಲ್ಲಿ ಜೀನು ಬಂದಿದೆ ಅಂತ ಆರಿಸಿದರು. ಎಕ್ಸ್‌ಎ21ಕ್ಕೆ ಬಳಸಿದ್ದು ಆ 1992ರ ಗುರುತನ್ನೇ. ಮೂರು ಜೀನು ಯಾಕೆ ಅಂದರೆ, ರೋಗಾಣು ಒಂದನ್ನ ದಾಟಿದರೂ ಉಳಿದೆರಡು ಕಾಯಬೇಕು. ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ರೈತರು ಅದನ್ನ ಬೆಳೆದಿದ್ದಾರೆ.

ಬೀಜ ಬಿತ್ತಿದ ರೈತ ಪ್ರಬಂಧ ಬರೆಯಲ್ಲ. ಹಾಗಾಗಿ ಅವನ ಗದ್ದೆಯಲ್ಲಿ ಗರಿ ಹಸಿರಾಗಿ ಉಳಿದದ್ದು ಯಾವ ಇಂಡೆಕ್ಸಿನಲ್ಲೂ ದಾಖಲಾಗಲ್ಲ. ಕಟಕ್‌ನಲ್ಲಿ ಮೊದಲು ಆ ಗಿಡ ಗುರುತಿಸಿದವರು, ವರ್ಷಗಟ್ಟಲೆ ಸಂಕರ ಮಾಡಿದವರು, ಮಾಲಿಯ ಕಾಡುಭತ್ತ, ಇವೆಲ್ಲ ಆ ಲೆಕ್ಕದಲ್ಲಿ ಹಿಂದೆ ಬೀಳ್ತಾವೆ. ಮಾಲಿಯ ಋಣ ರೊನಾಲ್ಡ್ ಅವರಿಗೂ ಗೊತ್ತಿತ್ತು. ಜೀನಿನಿಂದ ಲಾಭ ಬಂದರೆ ಮೂಲ ದೇಶಕ್ಕೂ ಪಾಲು ಹೋಗಲಿ ಅಂತ 1996ರಲ್ಲಿ ಅವರ ವಿಶ್ವವಿದ್ಯಾಲಯದಲ್ಲಿ ಒಂದು ನಿಧಿಯೇ ಶುರುವಾಗಿತ್ತು.

ಉಲ್ಲೇಖದ ಲೆಕ್ಕ ಬೇಡವೇ ಬೇಡ ಅಂತ ಇದರ ಅರ್ಥ ಅಲ್ಲ. 1995ರ ಪ್ರಬಂಧವನ್ನ ಸಾವಿರಾರು ಜನ ಬಳಸಿಕೊಂಡದ್ದು ನಿಜವಾದ ಪ್ರಭಾವವೇ. ಆದರೆ ಅದು ವಿಜ್ಞಾನಿಗಳ ನಡುವಿನ ಲೆಕ್ಕ. ಪತ್ರಿಕೆಯ ಅಂಕಿ ನೋಡಿ ವಿಜ್ಞಾನಿಗೆ ಬೆಲೆ ಕಟ್ಟಬೇಡಿ ಅಂತ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದ್ದೂ ಇದೇ ಕಾರಣಕ್ಕೆ. ತಳಿ ಕೊಟ್ಟ ಸಂಶೋಧಕರ ಬಡ್ತಿಯ ಕಡತದಲ್ಲಿ ಪ್ರಬಂಧದ ಜೊತೆಗೆ ಆ ತಳಿ ಎಷ್ಟು ಗದ್ದೆಗೆ ಇಳಿಯಿತು ಅನ್ನೋದೂ ಇರಬೇಕು. ಅದನ್ನ ಕೇಳಬೇಕಾದ್ದು ಕಂಪ್ಲಿ ಕಾಲುವೆ ಪಕ್ಕದ ರೈತರನ್ನ.