ಕಲಿಸಿದವರೂ ಕಲಿಯುತ್ತಿದ್ದರು: ನಮ್ಮ ಶಾಲೆಗಳ ವಿದ್ಯಾಪ್ರೇಮದ ಪೂರ್ವಕಥೆ

ಶತಮಾನೋತ್ಸವ ಸಮಿತಿಯವರು ಈ ಸ್ಮರಣ ಸಂಚಿಕೆಗಾಗಿ ನಮ್ಮ ಶಾಲೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಆದರೆ ಧರ್ಮಕೇಂದ್ರದ ಹಳೆಯ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ಕುಳಿತಾಗ ಒಂದು ಕೊರತೆ ಎದ್ದು ಕಂಡಿತು. ಗೋಡೆ ಎಬ್ಬಿಸಿದ್ದಕ್ಕೆ, ಹಂಚು ಹೊದೆಸಿದ್ದಕ್ಕೆ, ಬಾವಿ ತೋಡಿದ್ದಕ್ಕೆ, ಬೆಂಚು ಮಾಡಿಸಿದ್ದಕ್ಕೆ ಪೈಸೆ ಪೈಸೆಯ ಲೆಕ್ಕವಿದೆ. ಮಕ್ಕಳ ಮನಸ್ಸಿನಲ್ಲಿ ಓದುವ ಹಂಬಲವನ್ನು ಹುಟ್ಟಿಸಿದವರು ಯಾರು, ಹೇಗೆ ಹುಟ್ಟಿಸಿದರು ಎಂಬುದರ ಲೆಕ್ಕ ಮಾತ್ರ ಒಂದು ಪುಟದಲ್ಲಿಯೂ ಇಲ್ಲ. ಅಂಥ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲವೆಂಬುದೂ ನಿಜವೇ.

ಆದುದರಿಂದ ನಾವು ಇನ್ನೂ ಹಿಂದಕ್ಕೆ ಹೋಗಬೇಕಾಯಿತು. ನಮ್ಮ ಶಾಲೆಯ ಮೊದಲ ತಲೆಮಾರಿನ ಅಧ್ಯಾಪಕರು ಕಲಿತುಬಂದದ್ದು ಮಂಗಳೂರಿನಲ್ಲಿ. ಅಲ್ಲಿನ ಕಥೋಲಿಕ ಶಾಲೆಗಳಲ್ಲಿ ಉರಿಯುತ್ತಿದ್ದ ದೀಪದಿಂದಲೇ ಇಲ್ಲಿನ ಹಣತೆಯನ್ನು ಹಚ್ಚಿದ್ದು. ಆ ಪೂರ್ವಕಥೆಯನ್ನು ಹೇಳುವುದು ನಮ್ಮ ಉದ್ದೇಶ. ನಮ್ಮ ಶಾಲೆಯ ಮಾತು ಕೊನೆಯಲ್ಲಿ ಬರುತ್ತದೆ.

ಮೊದಲು ಧರ್ಮಭಗಿನಿಯರನ್ನು ಸ್ಮರಿಸೋಣ. ಸೋಫಿ ಲೀವ್ಸ್ ಎಂಬವರು 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದರು. 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಸಂನ್ಯಾಸ ದೀಕ್ಷೆ ಪಡೆದು, ಕಲ್ಲಿಕೋಟೆಗೆ ಬಂದು ಸೇವೆ ಮಾಡಿದ ಅವರು, ಮುಂದೆ ಮದರ್ ವೆರೋನಿಕಾ ಎಂಬ ಹೆಸರಿನಿಂದ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಭಗಿನಿಯರನ್ನು ಸಿದ್ಧಪಡಿಸುವುದೇ ಆ ಮಠದ ಕೆಲಸವಾಗಿತ್ತು. ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರ ಆಶ್ರಯದಲ್ಲಿ ಆ ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಅವರನ್ನು ಸಿದ್ಧಪಡಿಸಿದ ತಾಯಿಗೆ ಮಾತ್ರ ಅವರ ಜೊತೆಯಲ್ಲಿ ಬರಲು ಆಗಲಿಲ್ಲ. ಬಯೋನಿನ ಮಠ 1873ರಲ್ಲಿ ಮುಚ್ಚಿತು. ಮದರ್ ವೆರೋನಿಕಾ ಪೋ ಪಟ್ಟಣದ ಏಕಾಂತ ಮಠಕ್ಕೆ ಹಿಂದಿರುಗಿ, 1906ರಲ್ಲಿ ಅಲ್ಲಿಯೇ ಪ್ರಭುವಿನಲ್ಲಿ ವಿಶ್ರಮಿಸಿದರು. ತಾವು ನೆಟ್ಟ ಸಸಿಯ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ. ಅದೇ ಸಸಿಯಿಂದ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಎದ್ದು ನಿಂತಿತು.

ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ. ಅದೇ 1870ರಲ್ಲಿ ಏಕಾಂತ ಕಾರ್ಮೆಲ್ ಮಠದ ಭಗಿನಿಯರೊಂದಿಗೆ ಮಂಗಳೂರಿಗೆ ಬಂದ ಮರಿಯಂ ಬಾವಾರ್ಡಿ ಎಂಬ ಪ್ಯಾಲೆಸ್ತೀನಿನ ಕನ್ಯೆಗೆ ಓದುಬರಹ ಬಹಳ ಸ್ವಲ್ಪವೇ ಬರುತ್ತಿತ್ತು. 2015ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ವಿದ್ಯೆಯ ಹಿರಿಮೆಯನ್ನು ಹಾಡುವಾಗ ಈ ಸಂತಳನ್ನು ಮರೆಯದಿರುವುದು ನಮ್ಮಂಥ ಗುರುಗಳಿಗೆ ಒಳ್ಳೆಯದು.

ಗಂಡುಮಕ್ಕಳ ಉಚ್ಚ ಶಿಕ್ಷಣದ ಕಥೆ ಬೇರೆ. ಅದು ಆರಂಭವಾದದ್ದು ಯಾವ ಮಠದಿಂದಲೂ ಅಲ್ಲ, ಶ್ರೀಸಾಮಾನ್ಯರಿಂದ. ಬಾಸೆಲ್ ಮಿಶನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು, ಶಾಲೆಗಳನ್ನು ತೆರೆದು, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದರು. ನೆರೆಮನೆಯಲ್ಲಿ ದೀಪ ಉರಿಯುತ್ತಿರುವಾಗ ನಮ್ಮ ಹಿರಿಯರು ಕತ್ತಲೆಯಲ್ಲಿ ಕುಳಿತಿರಲು ಒಪ್ಪಲಿಲ್ಲ. ತಮ್ಮ ಮಕ್ಕಳಿಗೆ ಉಚ್ಚ ಶಿಕ್ಷಣ ಬೇಕು, ಅದಕ್ಕಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡಿರಿ ಎಂದು ರೋಮಿಗೆ ಮನವಿಗಳನ್ನು ಬರೆದರು. ಜಗದ್ಗುರು 13ನೆಯ ಲಿಯೋ ಅವರು 1878ರ ಸೆಪ್ಟೆಂಬರಿನಲ್ಲಿ ಮಂಗಳೂರನ್ನು ಯೇಸುಸಭೆಗೆ ಒಪ್ಪಿಸಿದರು. ಆ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಬಂದಿಳಿಯಿತು. 1880ರ ಜನವರಿಯಲ್ಲಿ ಕೊಡಿಯಾಲಬೈಲಿನ ಒಂದು ಬಂಗಲೆಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಲಾರೆನ್ಸ್ ಲೋಬೊ ಪ್ರಭು ಅವರು ದಾನವಿತ್ತ ಗುಡ್ಡದ ಮೇಲಿನ ಕಟ್ಟಡಕ್ಕೆ 1885ರಲ್ಲಿ ಸ್ಥಳಾಂತರಗೊಂಡಿತು. ಆ ಸಂಸ್ಥೆ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದುದನ್ನು ವಾಚಕರು ಬಲ್ಲರು. ಕೊಟ್ಟದ್ದು ಗುರುಗಳು, ಕೇಳಿದ್ದು ಜನರು ಎಂಬುದನ್ನು ಮಾತ್ರ ನಾವು ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕಾಗಿದೆ. ಕೇಳುವವರಿಲ್ಲದ ಊರಿನಲ್ಲಿ ಎಷ್ಟು ದೊಡ್ಡ ಕಟ್ಟಡ ಎದ್ದರೂ ಅದು ಬರಿಯ ಕಟ್ಟಡವೇ.

ಯೇಸುಸಭೆಯ ಶಾಲೆಗಳಿಗೆ 1599ರಲ್ಲಿ ಒಂದು ಶಿಕ್ಷಣ ನಿಯಮಾವಳಿ ರಚಿತವಾಗಿತ್ತು. ಲತೀನಿನಲ್ಲಿ ಅದಕ್ಕೆ ‘ರಾಶಿಯೋ ಸ್ತುದಿಯೋರುಂ’ ಎಂದು ಹೆಸರು. ಗುರುಮಠದಲ್ಲಿ ಅದನ್ನು ಓದಿದಾಗ ನಮಗೆ ಅದು ಶುಷ್ಕವಾಗಿ ಕಂಡಿತ್ತು; ಈಗ ಹಾಗೆ ಕಾಣುವುದಿಲ್ಲ. ಕಲಿತದ್ದನ್ನು ಮರುದಿನ ಮತ್ತೆ ಹೇಳಿಸಬೇಕು, ವಾರದ ಕೊನೆಗೆ ಇನ್ನೊಮ್ಮೆ ಹೇಳಿಸಬೇಕು. ತರಗತಿಯನ್ನು ಎರಡು ಪಕ್ಷ ಮಾಡಿ ಪರಸ್ಪರ ಪ್ರಶ್ನೆ ಕೇಳಿಸಬೇಕು. ಆಸಕ್ತರಾದ ವಿದ್ಯಾರ್ಥಿಗಳು ತಮ್ಮದೇ ಗೋಷ್ಠಿಗಳನ್ನು ಕಟ್ಟಿಕೊಂಡು ಭಾಷಣ, ವಾದ, ಕಾವ್ಯವಾಚನ ನಡೆಸಬೇಕು ಎಂದು ಅದರಲ್ಲಿ ವಿಧಿಸಿದೆ. ಗುರುವು ತನ್ನ ಕೈಯಿಂದ ಮಗುವನ್ನು ಹೊಡೆಯಕೂಡದು ಎಂದೂ ಹೇಳಿದೆ. ಆದರೆ ಹೊಡೆಯಲೇಬೇಕಾದಾಗ ಸಭೆಗೆ ಸೇರದ ಇನ್ನೊಬ್ಬನನ್ನು ನೇಮಿಸಿಕೊಳ್ಳಬಹುದೆಂಬ ಅನುಮತಿಯೂ ಅಲ್ಲಿ ಇದೆ! ಬೆತ್ತ ಪೂರ್ತಿ ಮಾಯವಾಗಲಿಲ್ಲ, ಕೈ ಬದಲಾಯಿತು, ಅಷ್ಟೇ. ಬಹುಮಾನ, ಪೈಪೋಟಿಗಳ ಮೇಲೆ ಆ ನಿಯಮಾವಳಿ ಇಟ್ಟ ಭರವಸೆಯೂ ಸ್ವಲ್ಪ ಹೆಚ್ಚಾಯಿತೆಂದು ನಮಗೆ ತೋರುತ್ತದೆ. ಪದಕಕ್ಕಾಗಿ ಓದಿದವನು ಪದಕ ಸಿಕ್ಕಿದ ದಿನ ಪುಸ್ತಕವನ್ನು ಮುಚ್ಚುವುದನ್ನು ನಾವು ಕಂಡಿದ್ದೇವೆ.

ಆದರೆ ಮಂಗಳೂರಿನಲ್ಲಿ ನಿಯಮಾವಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಗುರುಗಳು ಬಾಳಿದ ರೀತಿ. ಕಲಿಸಲು ಬಂದವರು ತಾವೂ ಕಲಿಯುತ್ತಿದ್ದರು, ಅದೂ ಮಕ್ಕಳ ಕಣ್ಣೆದುರಿನಲ್ಲಿಯೇ.

ವಂದನೀಯ ಆಂಜೆಲೊ ಮಾಫೆಯಿ ಅವರು ಇಟಲಿಯಿಂದ ಬಂದವರು. ಇಲ್ಲಿನ ಕಥೋಲಿಕರ ಮನೆಮಾತಾದ ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಅವರು ನಮ್ಮ ತೀರಕ್ಕೆ ಕಾಲಿಟ್ಟು ಆಗ ಕೆಲವೇ ವರ್ಷಗಳಾಗಿದ್ದವು ಎಂಬುದನ್ನು ನೆನೆದಾಗ ಬೆರಗಾಗುತ್ತದೆ. ಶಬ್ದಗಳನ್ನು ಅವರು ಯಾರಿಂದ ಕಲಿತಿರಬೇಕು? ಅಂಗಳದಲ್ಲಿ ಭತ್ತ ಒಣಗಿಸುವ ಅಜ್ಜಿಯಂದಿರಿಂದ, ಮೀನು ಮಾರುವವರಿಂದ, ತಮ್ಮ ಶಿಷ್ಯರಿಂದಲೇ ಅಲ್ಲವೇ? ಮನೆಯಲ್ಲಿ ಮಾತ್ರ ಆಡುವ ಮಾತು, ಶಾಲೆಯ ಹೊಸ್ತಿಲಲ್ಲಿ ಬಿಟ್ಟುಬರಬೇಕಾದ ಮಾತು ಎಂದು ಮಕ್ಕಳು ತಿಳಿದಿದ್ದ ಭಾಷೆಗೂ ವಿಭಕ್ತಿಗಳಿವೆ, ಕ್ರಿಯಾಪದಗಳಿಗೆ ಕ್ರಮವಿದೆ ಎಂದು ಅಚ್ಚಾದ ಪುಸ್ತಕದಲ್ಲಿ ಕಂಡಾಗ ಅವರಿಗೆ ಹೇಗಾಗಿರಬಹುದೆಂದು ನಾವು ಊಹಿಸಬಲ್ಲೆವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆ ವ್ಯಾಕರಣ ಅಚ್ಚಾದದ್ದು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಮಾತುಕತೆಯೇ ವಿರಳವಾಗಿದ್ದ ಆ ಕಾಲದಲ್ಲಿ ಅಕ್ಷರದ ಮೊಳೆಗಳು ಇಬ್ಬರಿಗೂ ಒಂದೇ ಆಗಿದ್ದವು. ಕಿಟೆಲರ ಕನ್ನಡ ನಿಘಂಟು ಆ ಮಿಶನ್ನಿನಿಂದ ಹೊರಬಂದದ್ದು 1894ರಲ್ಲಿ.

ಜರ್ಮನಿಯವರಾದ ವಂದನೀಯ ಆಗಸ್ಟಸ್ ಮುಲ್ಲರ್ ಅವರು ಕಾಲೇಜಿನಲ್ಲಿ ಬೋಧಿಸಲು ಬಂದವರು. 1880ರಲ್ಲಿ ಕಂಕನಾಡಿಯಲ್ಲಿ ರೋಗಿಗಳಿಗೆ ಹೋಮಿಯೋಪತಿ ಔಷಧಿ ಕೊಡಲು ತೊಡಗಿದರು; 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು; 1910ರಲ್ಲಿ ತೀರಿಕೊಳ್ಳುವ ವೇಳೆಗೆ ಅಲ್ಲಿ ಒಂದು ಆಸ್ಪತ್ರೆಯೇ ಬೆಳೆದು ನಿಂತಿತ್ತು. ಅವರ ಕಥೆ ಎಲ್ಲರಿಗೂ ತಿಳಿದದ್ದೇ ಆದುದರಿಂದ ಹೆಚ್ಚು ಬರೆಯುವುದಿಲ್ಲ.

ಸಹೋದರ ಆಂಟೋನಿಯೊ ಮೊಸ್ಕೇನಿ ಅವರನ್ನು ಕುರಿತು ಮಾತ್ರ ಎರಡು ಮಾತು ಹೇಳಲೇಬೇಕು. ಬೆರ್ಗಾಮೊ ನಗರದ ಬಳಿ 1854ರಲ್ಲಿ ಹುಟ್ಟಿದ ಈ ಚಿತ್ರಕಾರರು 19ನೆಯ ಶತಮಾನ ಮುಗಿದು 20ನೆಯದು ತೊಡಗುವ ಹೊತ್ತಿಗೆ ಕಾಲೇಜಿನ ಪ್ರಾರ್ಥನಾಲಯವನ್ನು ವರ್ಣಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳನ್ನು ಬರೆದದ್ದು ಹಸಿ ಗಾರೆಯ ಮೇಲೆ. ಆ ವಿಧಾನದಲ್ಲಿ ಆ ದಿನ ಮುಗಿಸಬಲ್ಲಷ್ಟೇ ಜಾಗಕ್ಕೆ ಸುಣ್ಣದ ಗಾರೆ ಮೆತ್ತಿ, ಅದು ಒಣಗುವ ಮೊದಲು ಬಣ್ಣ ಹಚ್ಚಿ ಮುಗಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಗಾರೆ ಒಣಗುವ ಗತಿ ಇಟಲಿಯ ಗತಿಯಂತಿರಲು ಸಾಧ್ಯವಿಲ್ಲ. ನುರಿತ ಕಲಾವಿದನೂ ಇಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಅಲ್ಲಿನ ಚಿತ್ರಗಳಲ್ಲಿ ಸಂತ ಅಲೋಶಿಯಸ್ ಗೊನ್ಸಾಗರ ಜೀವನವೂ ಇದೆ. ಅವರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ರೋಮಿನ ಸೋಂಕುರೋಗಿಗಳ ಸೇವೆಯಲ್ಲಿ ತಾವೂ ರೋಗಕ್ಕೆ ತುತ್ತಾಗಿ 1591ರಲ್ಲಿ 23ನೆಯ ವಯಸ್ಸಿನಲ್ಲಿ ಮಡಿದವರು. ಮೊಸ್ಕೇನಿ ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಆ ಶಾಲೆಗಳನ್ನು ಹೊಗಳುತ್ತ ಅವುಗಳ ಕುಂದನ್ನು ಮುಚ್ಚಿಡುವುದು ಸರಿಯಲ್ಲ. ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳ ನೆರಳು ಎಲ್ಲದರ ಮೇಲೆಯೂ ಬಿದ್ದಿತ್ತು. ಇಂಗ್ಲಿಷಿಗೆ ಸಿಂಹಾಸನ, ಕನ್ನಡಕ್ಕೆ ಚಾಪೆ ಎಂಬ ಸ್ಥಿತಿ ಬಹುಕಾಲ ನಡೆಯಿತು. ಹಾಗಿದ್ದರೂ ಸೇಡಿಯಾಪು ಕೃಷ್ಣ ಭಟ್ಟರಂಥ ವಿದ್ವಾಂಸರು ಸಂತ ಅಲೋಶಿಯಸ್ಸಿನಲ್ಲಿ ಕನ್ನಡ ಪಂಡಿತರಾಗಿದ್ದರೆಂಬುದು ಹೆಮ್ಮೆಯ ಸಂಗತಿ. ಶಬ್ದವೊಂದರ ಮೂಲವನ್ನು ಹುಡುಕುತ್ತ ಹೋಗುವ ಅಂಥವರು ತರಗತಿಯಲ್ಲಿದ್ದರೆ ಸಾಕು, ಪಠ್ಯಪುಸ್ತಕ ಯಾವುದಾದರೇನು?

ಈಗ ನಮ್ಮ ಅನುಭವದ ಮಾತು. ನಾವು ಬಾಲ್ಯದಲ್ಲಿ ಕಲಿತ ಶಾಲೆ ಬೇರೊಂದು ಊರಿನದು. ಅಲ್ಲಿ ಗಾಜಿನ ಬಾಗಿಲಿನ ಪುಸ್ತಕದ ಬೀರು ಒಂದಿತ್ತು. ಇನ್‌ಸ್ಪೆಕ್ಟರರು ಬರುವ ದಿನ ಮಾತ್ರ ಅದರ ಬೀಗ ತೆರೆಯುತ್ತಿತ್ತು. ಏಳು ವರ್ಷ ನಾವು ಆ ಪುಸ್ತಕಗಳ ಬೆನ್ನನ್ನು ಮಾತ್ರ ಓದಿದೆವು. ಅದೇ ಶಾಲೆಯಲ್ಲಿ ಒಬ್ಬ ಮಾಸ್ತರರಿದ್ದರು. ಹಲಸಿನ ಮರ ಕಾಂಡದಲ್ಲಿಯೇ ಏಕೆ ಕಾಯಿ ಬಿಡುತ್ತದೆ ಎಂದು ನಾವು ಒಮ್ಮೆ ಕೇಳಿದಾಗ, “ನನಗೆ ಗೊತ್ತಿಲ್ಲ ಮಾರಾಯ, ನಾಳೆ ನೋಡಿ ಹೇಳ್ತೇನೆ” ಎಂದರು. ಮರುದಿನ ನಿಜವಾಗಿಯೂ ಬಂದು ಹೇಳಿದರು. ಹಿಂದಿನ ಸಂಜೆ ಎರಡು ಮೈಲು ನಡೆದು ವಿಗಾರರ ಮನೆಗೆ ಹೋಗಿ ಪುಸ್ತಕ ನೋಡಿ ಬಂದಿದ್ದರಂತೆ. ಉತ್ತರ ಅರ್ಧ ಸಿಕ್ಕಿದೆ, ಇನ್ನರ್ಧ ಸಿಕ್ಕಿಲ್ಲ ಎಂದರು. ಆ ಅರ್ಧ ಉತ್ತರವನ್ನು ನಾವು ಮರೆತಿದ್ದೇವೆ. ಅವರು ನಡೆದುಹೋದ ಎರಡು ಮೈಲನ್ನು ಮರೆತಿಲ್ಲ.

ಇಷ್ಟಾದರೂ, ಈ ಧರ್ಮಕೇಂದ್ರಕ್ಕೆ ಬಂದ ಮೇಲೆ ನಮ್ಮದೇ ಶಾಲೆಯಲ್ಲಿ ಅಂಥದೇ ಬೀಗ ಹಾಕಿದ ಬೀರುವನ್ನು ಕಂಡೂ ಮೂರು ವರ್ಷ ನಾವು ಸುಮ್ಮನಿದ್ದೆವು. ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ತಂದೆತಾಯಿಯರು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ವ್ಯಾನಿನಲ್ಲಿ ಕಳುಹಿಸುತ್ತಾರೆ. ಅವರನ್ನು ದೂರಲು ನಮಗೆ ಬಾಯಿಲ್ಲ. ಉತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಮಹಾದ್ವಾರ ಕಟ್ಟಬೇಕೆಂದು ಸಮಿತಿಯ ಕೆಲವರ ಅಭಿಪ್ರಾಯ. ಶಾಲೆಯ ಪಡುಬದಿಯ ಕೋಣೆಯನ್ನು ಎಲ್ಲ ಮತದ ಮಕ್ಕಳಿಗೂ ವಾಚನಾಲಯವಾಗಿ ಮಾಡಬೇಕೆಂದು ನಮ್ಮ ಅಭಿಪ್ರಾಯ. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೂ ತೀರ್ಮಾನವಾಗಿಲ್ಲ. ದ್ವಾರ ಬೇಕೆನ್ನುವವರೂ ನಮ್ಮವರೇ. ನೂರು ವರ್ಷದ ನೆನಪಿಗೆ ಕಣ್ಣಿಗೆ ಕಾಣುವ ಗುರುತೊಂದು ಬೇಕೆಂಬ ಅವರ ಆಸೆಯನ್ನು ಹಗುರವಾಗಿ ಕಾಣಲಾರೆವು.

ಬೀರುವಿನ ಬೀಗವನ್ನಂತೂ ಕಳೆದ ಜೂನಿನಲ್ಲಿ ತೆಗೆಸಿದೆವು. ಗೆದ್ದಲು ತಿಂದು ಉಳಿದವುಗಳನ್ನು ಮುಖ್ಯೋಪಾಧ್ಯಾಯಿನಿಯವರು ಬಿಸಿಲಿಗೆ ಹಾಕಿ, ಬೈಂಡು ಕಟ್ಟಿಸಿ, ಮಕ್ಕಳಿಗೆ ಮನೆಗೆ ಕೊಡುತ್ತಿದ್ದಾರೆ. ಮೊನ್ನೆ ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕಥೆಪುಸ್ತಕವನ್ನು ಹಿಂದಕ್ಕೆ ತಂದಳು. ಹೊದಿಕೆಗೆ ಅರಶಿನದ ಕೈಗುರುತು ಹತ್ತಿತ್ತು. ಒಲೆಯ ಹೊಗೆಯ ವಾಸನೆಯಿತ್ತು. ಬೈಯಬಹುದೆಂದು ಹೆದರಿ ನಿಂತಿದ್ದಳು. ಆಮೇಲೆ ಮೆಲ್ಲನೆ, ಇದರ ಎರಡನೆಯ ಭಾಗ ಉಂಟಾ ಫಾದರ್ ಎಂದು ಕೇಳಿದಳು. ನಮ್ಮ ಬೀರುವಿನಲ್ಲಿ ಅದಿಲ್ಲ. ಮಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿಕಳುಹಿಸಿದ್ದೇವೆ.