ಹರದನಹಳ್ಳಿಯಿಂದ ದೆಹಲಿಗೆ: ಬಾಕಿ ಉಳಿದ ಒಂದು ಉತ್ತರ

1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಟೀವಿ ಮುಂದೆ ಕೂತಿದ್ದ ತಾತ, "ನಮ್ಮಂಗೆ ಪಂಚೆ ಉಟ್ಟೋರು ಕಣ್ಲಾ" ಅಂದಿದ್ದರು. ಮುಂದೆ ಈ ಪ್ರೌಢಶಾಲೆಗೆ ಬಂದಾಗ ಪರೀಕ್ಷೆಯಲ್ಲಿ ಅವರ ಬಗ್ಗೆ 'ಮಣ್ಣಿನ ಮಗ' ಎಂದಷ್ಟೇ ಬರೆದೆ. ಸಮಾಜ ವಿಜ್ಞಾನದ ಮೇಷ್ಟ್ರು ಅರ್ಧ ಅಂಕ ಕೊಟ್ಟು, "ಅದು ಬಿರುದಾಯ್ತು. ಅಲ್ಲಿಗೆ ಹೇಗೆ ಹೋದರು ಅಂತ ಬರಿಯೋ" ಎಂದರು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ದೇವೇಗೌಡರು ಹುಟ್ಟಿದ್ದು 1933ರ ಮೇ 18ರಂದು, ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ. ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ. ಬಿ.ಇ. ಮಾಡಿದ ನಮ್ಮಂಥವರು ಡಿಪ್ಲೊಮಾ ಎಂದರೆ ಮೂಗು ಮುರಿಯುವುದುಂಟು. ಆದರೆ ಕಾಲುವೆಯ ಅಳತೆ, ನೀರಿನ ಲೆಕ್ಕ ಗೊತ್ತಿದ್ದ ರಾಜಕಾರಣಿಗಳು ಆಗ ಎಷ್ಟು ಮಂದಿ ಇದ್ದರು? ಊರಿನ ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಳಿ ಇವೇ ಅವರ ಮೊದಲ ಮೆಟ್ಟಿಲುಗಳು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಬಂದರು. 1972ರಿಂದ ವಿರೋಧ ಪಕ್ಷದ ನಾಯಕ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲುವಾಸ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಲೋಕೋಪಯೋಗಿ ಮತ್ತು ನೀರಾವರಿ ಖಾತೆ ಸಿಕ್ಕಿತು. ನನ್ನ ಪ್ರಕಾರ ಅವರನ್ನು ಬೆಳೆಸಿದ್ದು ಭಾಷಣವಲ್ಲ, ಈ ಖಾತೆಯ ಕಡತಗಳು. ನೀರಾವರಿಗೆ ಹಣ ಸಾಲದೆಂದು ಮಂತ್ರಿಗಿರಿಯನ್ನೇ ಬಿಟ್ಟು ಹೊರಬಂದರು. 1989ರಲ್ಲಿ ಸೋತರು, 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು, 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಯಾದರು. 1996ರ ಚುನಾವಣೆಯಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಜನತಾದಳಕ್ಕೆ 16 ಬಂದವು. ಸಂಯುಕ್ತ ರಂಗದ ಪಕ್ಷಗಳು ಅವರತ್ತ ತಿರುಗಿದ್ದಕ್ಕೆ ಈ ಬಲವೂ ಒಂದು ಕಾರಣ.

ಅಧಿಕಾರ ಸಿಕ್ಕಿದ್ದು ಹನ್ನೊಂದು ತಿಂಗಳೂ ತುಂಬದಷ್ಟು ಕಾಲ. ಅಲ್ಲೂ ನೀರಿನ ಕೆಲಸ ಬಿಡಲಿಲ್ಲ. ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳನ್ನು ಮುಗಿಸಲು ರಾಜ್ಯಗಳಿಗೆ ಕೇಂದ್ರದ ನೆರವು ಕೊಡುವ ಕಾರ್ಯಕ್ರಮ ಆಗಲೇ ಶುರುವಾಯಿತು. 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಶೇಖ್ ಹಸೀನಾ ಅವರೊಂದಿಗೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಬೇಸಿಗೆಯಲ್ಲಿ ಫರಕ್ಕಾದ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಾದರೆ ಎರಡೂ ದೇಶಕ್ಕೆ ಸಮಪಾಲು. ಹೇಮಾವತಿ ದಡದವರಿಗೆ ಇಂಥ ಲೆಕ್ಕ ಹೊಸದೇನಲ್ಲ. ಕಾಂಗ್ರೆಸ್ ಬೆಂಬಲ ಹಿಂತೆಗೆದ ಮೇಲೆ 1997ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು.

ಇಷ್ಟು ಬರೆದರೆ ಮೇಷ್ಟ್ರು ಪೂರ್ಣ ಅಂಕ ಕೊಡುತ್ತಿದ್ದರೇನೋ. ಆದರೆ ನಮ್ಮ ಭಾಗದವನಾಗಿ ಇನ್ನೊಂದು ಮಾತು ಬರೆಯಬೇಕು. ನಾನು ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನೈಸ್ ರಸ್ತೆ ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯ ಭಾಗ. ಅದರ ಮೊದಲ ತಿಳಿವಳಿಕೆ ಪತ್ರವಾದದ್ದು 1995ರಲ್ಲಿ, ಅವರೇ ಮುಖ್ಯಮಂತ್ರಿಯಾಗಿದ್ದಾಗ. 1997ರ ಒಪ್ಪಂದ ಜೆ.ಎಚ್. ಪಟೇಲರ ಕಾಲದ್ದು. ಮುಂದೆ, ರೈತರಿಂದ ಅಗತ್ಯಕ್ಕಿಂತ ಹೆಚ್ಚು ಭೂಮಿ ಕಿತ್ತುಕೊಳ್ಳುತ್ತಿದ್ದಾರೆಂದು ಅದನ್ನು ಜೋರಾಗಿ ವಿರೋಧಿಸಿದವರೂ ದೇವೇಗೌಡರೇ. 2006ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು. ವಿರೋಧ ರಾಜಕೀಯವೇ ಎನ್ನುವವರಿದ್ದಾರೆ. ಇರಬಹುದು. ಆದರೆ ಭೂಮಿಯ ಪ್ರಶ್ನೆ ಸುಳ್ಳಲ್ಲ ಎಂಬುದು ನೋಟೀಸು ಬಂದ ಮನೆಯವರಿಗೆಲ್ಲ ಗೊತ್ತು.

ನಮ್ಮ ಮನೆಗೂ ಬಂದಿತ್ತು, ಬೇರೊಂದು ಯೋಜನೆಗೆ. ಒಂದೂವರೆ ಎಕರೆ ರಾಗಿ ಹೊಲ ಹೋಯಿತು. ಪರಿಹಾರದ ಹಣದಲ್ಲೇ ನಾನು ಬಿ.ಇ. ಓದಿದೆ. ಹೊಲವಿದ್ದ ಜಾಗದಲ್ಲಿ ಈಗ ಗೋದಾಮಿದೆ. ತಾತನ ಹೆಸರಿನ ಹಳೆಯ ಪಹಣಿಯನ್ನು ಅಪ್ಪ ಇನ್ನೂ ಬೀರುವಿನಲ್ಲಿ ಇಟ್ಟಿದ್ದಾರೆ, ನನ್ನ ಡಿಗ್ರಿ ಸರ್ಟಿಫಿಕೇಟಿನ ಜೊತೆಗೇ.