ಕೊಕ್ಕರೆಯ ಕತ್ತು ಬೇಡಿದವನು

ಗ್ರೀಕರ 'ಸೋಫ್ರೊಸುನೆ' ನೀತಿಪಾಠದ ಮಾತಾಗಿ ಹುಟ್ಟಿದ್ದಲ್ಲ. ಬುದ್ಧಿ ನೆಟ್ಟಗಿರುವುದು, ಅಷ್ಟೇ ಅದರ ಮೂಲಾರ್ಥ. 'ಒಡಿಸ್ಸಿ' ಮಹಾಕಾವ್ಯದಲ್ಲಿ ಮುದಿ ದಾದಿ ಓಡಿಬಂದು, ಇಪ್ಪತ್ತು ವರ್ಷದ ಮೇಲೆ ಯಜಮಾನ ಮನೆಗೆ ಬಂದಿದ್ದಾನೆ ಏಳಮ್ಮಾ ಎಂದರೆ ಅವನ ಹೆಂಡತಿ ಪೆನೆಲೊಪೆ ನಂಬುವುದಿಲ್ಲ. ದೇವರುಗಳು ನಿನ್ನ ತಲೆ ಕೆಡಿಸಿದ್ದಾರೆ, ಕೆಟ್ಟ ತಲೆಯನ್ನು ನೆಟ್ಟಗೆ ಮಾಡಬಲ್ಲವರೂ ಅವರೇ ಎಂದು ಗದರುತ್ತಾಳೆ. ಆ 'ನೆಟ್ಟಗೆ'ಯ ಜಾಗದಲ್ಲಿರುವುದು ಈ ಪದದ ಹಳೆಯ ರೂಪ.

ಆಮೇಲೆ ಅದು ಹಲವರ ಬಾಯಿಗೆ ಬಿತ್ತು. ಅಥೆನ್ಸಿನ ಹೆಂಗಸರ ಗೋರಿಕಲ್ಲುಗಳ ಮೇಲೆ ಶೀಲವೆಂಬ ಅರ್ಥದಲ್ಲಿ ಕೂತಿತು. ಕ್ರಿ.ಪೂ. 427ರಲ್ಲಿ ಕೊರ್ಕಿರಾ ದ್ವೀಪದಲ್ಲಿ ಊರೇ ಎರಡು ಪಕ್ಷವಾಗಿ ಬಡಿದಾಡಿದಾಗ, ಈ ಪದಕ್ಕೆ ತಕ್ಕಂತೆ ಹದ ತಪ್ಪದೆ ಮಾತಾಡಿದವನಿಗೆ ಹೇಡಿಯೆಂಬ ಹೆಸರು ಬಂತೆಂದು ಇತಿಹಾಸಕಾರ ಥುಸಿಡೈಡಿಸ್ ಬರೆದಿಟ್ಟಿದ್ದಾನೆ.

ಪ್ಲೇಟೊ ಈ ಪದಕ್ಕಾಗಿಯೇ 'ಖಾರ್ಮಿಡೀಸ್' ಬರೆದ. ತಲೆನೋವೆಂದು ಬಂದ ಸುಂದರ ಹುಡುಗ ಖಾರ್ಮಿಡೀಸನನ್ನು ಸಾಕ್ರಟೀಸ್ ಕೇಳುತ್ತಾನೆ: ಸೋಫ್ರೊಸುನೆ ಎಂದರೇನಪ್ಪ? ಮೆಲ್ಲಗೆ ನಡೆದುಕೊಳ್ಳುವುದು ಎನ್ನುತ್ತಾನೆ ಹುಡುಗ. ಆಮೇಲೆ, ನಾಚಿಕೆ ಎನ್ನುತ್ತಾನೆ. ಎರಡೂ ನಿಲ್ಲುವುದಿಲ್ಲ. ಅವನ ಪೋಷಕ ಕ್ರಿಟಿಯಸ್ ಮೂಗು ತೂರಿಸುತ್ತಾನೆ. ಅವನ ಪಾಂಡಿತ್ಯವೂ ದಡ ಸೇರುವುದಿಲ್ಲ. ತಮಾಷೆಯೆಂದರೆ ಖಾರ್ಮಿಡೀಸ್ ಪ್ಲೇಟೊನ ಸೋದರಮಾವ. ಕ್ರಿಟಿಯಸ್ ಮುಂದೆ ಅಥೆನ್ಸನ್ನು ನಡುಗಿಸಿದ ಮೂವತ್ತು ನಿರಂಕುಶರ ಮುಂದಾಳಾದ, ಖಾರ್ಮಿಡೀಸ್ ಅವನ ಜೊತೆಗೆ ನಿಂತ. ಕ್ರಿ.ಪೂ. 403ರ ಕಾಳಗದಲ್ಲಿ ಇಬ್ಬರೂ ಸತ್ತರು. ಇದೆಲ್ಲ ಆದಮೇಲೆ ಕೂತು, ಅವರಿಬ್ಬರ ಬಾಯಲ್ಲೇ ಈ ಪದದ ವ್ಯಾಖ್ಯೆ ಹೇಳಿಸಿದ ಪ್ಲೇಟೊ ಸಾಮಾನ್ಯನಲ್ಲ.

ಅರಿಸ್ಟಾಟಲ್ ಪದವನ್ನು ಅಡುಗೆಮನೆಗೂ ಹಾಸಿಗೆಗೂ ಇಳಿಸಿದ. ಚಿತ್ರ ನೋಡುತ್ತ, ಸಂಗೀತ ಕೇಳುತ್ತ ಮೈಮರೆತವನನ್ನು ಯಾರೂ ಮಿತಿಗೆಟ್ಟವನೆನ್ನುವುದಿಲ್ಲ. ಈ ಗುಣದ ಪರೀಕ್ಷೆ ಆಗುವುದು ತಿನ್ನುವ, ಕುಡಿಯುವ, ಮುಟ್ಟುವ ಸುಖಗಳಲ್ಲೇ ಎಂದ. ನನ್ನ ಗಂಟಲು ಕೊಕ್ಕರೆಯದಕ್ಕಿಂತ ಉದ್ದವಾಗಲಿ ಎಂದು ಬೇಡಿಕೊಂಡ ಹೊಟ್ಟೆಬಾಕನೊಬ್ಬ ಅವನ ಉದಾಹರಣೆ. ಪುಣ್ಯಾತ್ಮನಿಗೆ ಬೇಕಾಗಿದ್ದು ರುಚಿಯಲ್ಲ, ತುತ್ತು ಇಳಿಯುವ ಸ್ಪರ್ಶ! ಯಾವ ಸುಖವೂ ಬೇಡವೆನ್ನುವ ಇನ್ನೊಂದು ತುದಿಯವನಿಗೋ ಹೆಸರೇ ಇಲ್ಲ, ಅಂಥವರು ಸಿಗುವುದೇ ಅಪರೂಪ ಎನ್ನುತ್ತಾನೆ.

ಆಸೆ ಕುದಿಯುತ್ತಿದ್ದರೂ ಹಲ್ಲುಕಚ್ಚಿ ತಡೆದುಕೊಳ್ಳುವವನಿಗೆ ಅರಿಸ್ಟಾಟಲ್ ಈ ಪದ ಕೊಡಲಿಲ್ಲ. ಅವನಿಗೆ ಬೇರೆ ಹೆಸರು, ಒಂದು ಮೆಟ್ಟಿಲು ಕೆಳಗೆ. ನಮ್ಮ 'ಸಂಯಮ' ಹೊಂದುವುದು ಈ ಕೆಳಗಿನವನಿಗೇ. ಸೋಫ್ರೊಸುನೆ ಇರುವವನಿಗೆ ತಡೆಯುವ ಪ್ರಮೇಯವೇ ಬರುವುದಿಲ್ಲ; ರೂಢಿಯಿಂದ ಅವನ ಆಸೆಯೇ ಹದಕ್ಕೆ ಬಂದು ಸ್ವಭಾವವಾಗಿ ಕೂತಿರುತ್ತದೆ. ಹೀಗೆ ನೆಲೆಗೊಂಡ ಸ್ವಭಾವಕ್ಕೆ ಅವನ ಮಾತು 'ಹೆಕ್ಸಿಸ್'. ಹೋರಾಡಿ ಗೆದ್ದವನಿಗಿಂತ ಹೋರಾಟವೇ ಇಲ್ಲದವನು ಮೇಲು ಎನ್ನುವುದು ನನಗೆ ಸುಲಭಕ್ಕೆ ಗಂಟಲಲ್ಲಿ ಇಳಿಯದು. ಆದರೆ ಅರಿಸ್ಟಾಟಲನ ಆ ಮನುಷ್ಯ ಒಣ ಸನ್ಯಾಸಿಯೇನಲ್ಲ: ಆರೋಗ್ಯ ಕೆಡದಿದ್ದರೆ, ಮರ್ಯಾದೆ ಹೋಗದಿದ್ದರೆ, ಕೈಯಲ್ಲಿರುವ ಕಾಸಿಗೆ ಮೀರದಿದ್ದರೆ ರುಚಿಯಾದದ್ದನ್ನು ಬಯಸಿಯೇ ತಿನ್ನುತ್ತಾನೆ.